ಸದ್ದಿಲ್ಲದ ಪೆಟ್ಟಿಗೆ

ನಮ್ಮತ್ತೆಗೆ ಗಂಟಲಿನ ಆಪರೇಷನ್ ಆಗುವ ಮೊದಲು ಡಾಕ್ಟರು ಹೇಳಿದ್ದರು: ಬೇಕಾದ ಮಾತುಗಳನ್ನೆಲ್ಲ ಈಗಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಮೇಲೆ ದನಿ ಇರುವುದಿಲ್ಲ. ಅತ್ತೆ ಮೈಕಿನ ಮುಂದೆ ಕುಳಿತು ಊಟಕ್ಕೆ ಕರೆದರು, ಬಾಗಿಲು ಹಾಕಿಕೊಳ್ಳಿ ಎಂದರು, ಮಗನಿಗೆ ಬಗೆಬಗೆಯಾಗಿ ಬೈದರು. ಆಗ ನಾನು ತುಂಬಿದ ಬಸುರಿ. ಹುಟ್ಟುವುದು ಗಂಡೋ ಹೆಣ್ಣೋ ತಿಳಿಯದು. ಕೊನೆಗೆ ನನ್ನ ಹೊಟ್ಟೆಯ ಕಡೆ ನೋಡುತ್ತ, "ಬಾ ಕಂದ, ನನ್ನ ಹತ್ರ ಬಾ" ಎಂದು ಒಂದೇ ಒಂದು ಮಾತು ಹೇಳಿ ಎದ್ದುಬಿಟ್ಟರು.

ಆ ಮಾತುಗಳೆಲ್ಲ ಮೆಟ್ಟಿಲ ಕೆಳಗಿನ ಹಳೆಯ ಕಂಪ್ಯೂಟರಿನಲ್ಲಿದ್ದವು. ಮನೆಯ ಫೋಟೋಗಳು, ಹಾಡುಗಳು, ನನ್ನ ಗಂಡ ಗುಡ್ಡೆ ಹಾಕಿಕೊಂಡ ಸಿನಿಮಾಗಳು ಇದ್ದದ್ದೂ ಅಲ್ಲೇ. ಟಿ.ವಿ.ಗೆ ಎಲ್ಲವನ್ನೂ ಅದೇ ಒದಗಿಸಬೇಕು. ಅತ್ತೆಯ ಕೈಯಲ್ಲಿ ರಿಮೋಟಿನಂಥ ಒಂದು ಗುಂಡಿಗಳ ಪಟ್ಟಿ. ಅವರು ಎಲ್ಲಿಂದ ಒತ್ತಿದರೂ ದನಿ ಬರುವುದು ಮೆಟ್ಟಿಲ ಕೆಳಗಿನಿಂದ. ಮಧ್ಯಾಹ್ನ ಕಿಟಕಿಯ ಪರದೆ ಮೆಲ್ಲಗೆ ಉಬ್ಬಿ ಇಳಿಯುವಾಗ, ಹೊಲಿಗೆ ಯಂತ್ರದ ಮೇಲೆ ತೂಕಡಿಸುತ್ತಿದ್ದ ನನಗೆ "ಊಟಕ್ಕೆ ಬಾರೇ" ಎಂಬ ಕರೆ ಕೇಳುತ್ತಿತ್ತು. ಆಸ್ಪತ್ರೆ, ಡಾಕ್ಟರು ಎಲ್ಲ ಬರೀ ಕನಸು ಅನ್ನಿಸಿ, ಹಾಗೇ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ.

ಆದರೆ ಆ ಕಂಪ್ಯೂಟರಿನ ಆರ್ಭಟವೋ! ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಹಗಲಿರುಳು ಮೊರೆಯುತ್ತಿತ್ತು. ಅತ್ತೆ ಯಾವಾಗ ಕರೆಯುತ್ತಾರೋ ಏನೋ ಎಂದು ಅದನ್ನು ಆರಿಸುವಂತಿಲ್ಲ. ಕರೆಂಟಿನ ಬಿಲ್ಲು ಬಂದ ದಿನ ನನ್ನ ಗಂಡ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಮಗಳಿಗೆ ಮೂರು ವರ್ಷ. ಅವಳ ಲೆಕ್ಕದಲ್ಲಿ ಮನೆಯಲ್ಲಿ ಇಬ್ಬರು ಅಜ್ಜಿಯರು. ಮಾತಾಡುವವಳು ಪೆಟ್ಟಿಗೆ ಅಜ್ಜಿ. ಮೀಯಿಸಿ, ತಲೆ ಬಾಚಿ, ತುತ್ತು ಕೊಡುವವಳು ಸುಮ್ನಜ್ಜಿ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೈಚಾಚಿ ನಿಂತು ಗುಂಡಿ ಒತ್ತುತ್ತಿದ್ದರು. "ಬಾ ಕಂದ, ನನ್ನ ಹತ್ರ ಬಾ." ಮಗಳು ಚಾಚಿದ ಆ ಕೈಗಳ ಪಕ್ಕದಿಂದಲೇ ನುಸುಳಿ ಓಡಿ, ಮೆಟ್ಟಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಬಿಸಿ ಪೆಟ್ಟಿಗೆಗೆ ಮುತ್ತಿಟ್ಟು, "ಬಂದೇ ಅಜ್ಜೀ" ಎನ್ನುತ್ತಿದ್ದಳು.

ನಾವು ನಕ್ಕೂ ನಕ್ಕೂ ಸುಸ್ತಾಗುತ್ತಿದ್ದೆವು. ಅತ್ತೆಯೂ ನಗುತ್ತಿದ್ದರು. ಆಮೇಲೊಂದು ದಿನ ಆ ಗುಂಡಿ ಒತ್ತುವುದನ್ನೇ ಬಿಟ್ಟರು. ಯಾಕೆಂದು ಕೇಳಿದೆ. ಅವರ ತುಟಿ ಓದುವುದು ನನಗೆ ರೂಢಿ.

"ಅವಳನ್ನ ಕರೆದು ಕರೆದು ಇನ್ಯಾರಿಗೋ ಕೊಡ್ತಿದೀನಿ ಕಣೇ."

ನಕ್ಕಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ದನಿ ಅತ್ತೆಯಿಂದಲೇ ಬರಬೇಕು, ಕುತ್ತಿಗೆಗೊಂದು ಪುಟ್ಟ ಸ್ಪೀಕರ್ ಹಾಕಿದರಾಯಿತು ಎಂದುಕೊಂಡೆ. ಹಳೆಯ ಕಂಪ್ಯೂಟರಿಗೆ ತಂತಿ ಬಿಟ್ಟರೆ ಗತಿಯಿಲ್ಲ. ಏನೇನೋ ಸಿಕ್ಕಿಸಿ ನೋಡಿದೆವು, ಸ್ಪೀಕರಿನಲ್ಲಿ ಅತ್ತೆಯ ಮಾತು ತೊದಲಿತು. ಅದನ್ನು ಕೇಳಲಾರದೆ ಗಂಡನನ್ನು ಹೊರಡಿಸಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋದೆ.

ಅಂಗಡಿಯವನು ಬಣ್ಣಬಣ್ಣದ ದೀಪ ಮಿನುಗಿಸುವ ಮಿನಿ ಪಿ.ಸಿ. ಎಂಬ ಪುಟ್ಟ ಕಂಪ್ಯೂಟರೊಂದನ್ನು ತೆಗೆದಿಟ್ಟ.

"ಒಂದೇ ಸಲಕ್ಕೆ ನಾಲ್ಕು ಟಿ.ವಿ.ಗೆ ಸಿನಿಮಾ ಬಿಡತ್ತೆ ಮೇಡಂ."

ನನ್ನ ಗಂಡನ ಕಣ್ಣಲ್ಲೂ ದೀಪ ಹೊತ್ತಿತು.

"ನಮ್ಮನೇಲಿರೋದು ಒಂದೇ ಟಿ.ವಿ. ಅದರ ಮುಂದೆ ಕೂತ ಕೂಡಲೇ ಇವರು ಗೊರಕೆ ಹೊಡೀತಾರೆ" ಎಂದೆ. ನನ್ನ ಗಂಡ ಚಾವಣಿ ನೋಡಿದ.

ಹೊಲಿಗೆ ಯಂತ್ರ ಕೊಳ್ಳುವಾಗ ಮಾಡುವ ಹಾಗೆ ಒಂದೊಂದಕ್ಕೂ ಕಿವಿಯಿಟ್ಟು ಕೇಳಿದೆ. ದೀಪದ್ದು ಏದುಸಿರು ಬಿಡುತ್ತಿತ್ತು. ಇನ್ನೊಂದು ಗುಂಯ್‌ಗುಡುತ್ತಿತ್ತು. ಮೂಲೆಯಲ್ಲಿ ಅಂಗೈಯಗಲದ್ದೊಂದಿತ್ತು. ಅದಕ್ಕೆ ಫ್ಯಾನೇ ಇಲ್ಲ, ಒಳಗೆ ತಿರುಗುವ ಡಿಸ್ಕೂ ಇಲ್ಲ.

"ಅದು ಬಡಪಾಯಿ ಮೇಡಂ. ಭಾರದ ಕೆಲಸ ಆಗಲ್ಲ. ಬೆಲೇನೂ ಕಮ್ಮಿ, ಕರೆಂಟೂ ಸಣ್ಣ ಬಲ್ಬಿನಷ್ಟೇ ತಿನ್ನೋದು."

"ಒಂದು ಸಿನಿಮಾ ತೋರಿಸುತ್ತಾ?"

"ಒಂದಕ್ಕೇನೂ ಮೋಸ ಇಲ್ಲ."

"ತಂತಿಯಿಲ್ಲದೆ ಸ್ಪೀಕರಿಗೆ ಮಾತು ಕಳಿಸುತ್ತಾ? ಗುಂಡಿ ಒತ್ತಿದಾಗ ಇದು ನಿದ್ದೆ ಮಾಡ್ತಿದ್ರೆ?"

"ಕಳಿಸತ್ತೆ. ನಿದ್ದೇನೇ ಮಾಡದ ಹಾಗೆ ಸೆಟ್ ಮಾಡಿಕೊಡ್ತೀನಿ."

ಮನೆಗೆ ತಂದು, ಎಲ್ಲವನ್ನೂ ಅದಕ್ಕೆ ತುಂಬಿಸಿ, ಪುಸ್ತಕದ ಕಪಾಟಿನ ಮೇಲಿಟ್ಟೆವು. ಹಳೆಯದನ್ನು ಹೊರಗೆ ಸಾಗಿಸಿದೆವು. ಮನೆಯಲ್ಲಿ ಎಂಥ ನಿಶ್ಶಬ್ದ! ನಲ್ಲಿಯ ಹನಿ, ಗೋಡೆಯಾಚೆ ಯಾರದೋ ಚಪ್ಪಲಿಯ ಸದ್ದು, ಇಷ್ಟು ವರ್ಷ ಕೇಳದಿದ್ದದ್ದೆಲ್ಲ ಕೇಳತೊಡಗಿತು. ಸ್ವಂತ ಮನೆಯಲ್ಲೇ ನಾನು ಹೆಜ್ಜೆ ಊರದಂತೆ ಓಡಾಡಿದೆ.

ನಿದ್ದೆಯಿಂದೆದ್ದ ಮಗಳು ನೇರ ಮೆಟ್ಟಿಲ ಕೆಳಗೆ ಹೋದಳು. ಅಲ್ಲಿ ಧೂಳಿನ ಚೌಕ ಬಿಟ್ಟರೆ ಏನೂ ಇಲ್ಲ.

"ನನ್ನ ಅಜ್ಜಿ ಎಲ್ಲಿ?"

ಮನೆ ಹಾರಿಹೋಗುವಂತೆ ಅತ್ತಳು. ಬುದ್ಧಿಗೇಡಿಗಳು ನಾವು! ಅವಳ ಪಾಲಿಗೆ ಒಬ್ಬ ಅಜ್ಜಿಯನ್ನೇ ಮನೆಯಿಂದಾಚೆ ಹಾಕಿದ್ದೆವು. ಅತ್ತೆ ನೆಲದ ಮೇಲೆ ಕುಳಿತಿದ್ದರು. ಕುತ್ತಿಗೆಯಲ್ಲಿ ಸ್ಪೀಕರಿತ್ತು, ಬೆರಳು ಗುಂಡಿಯ ಮೇಲಿತ್ತು, ಒತ್ತುವ ಧೈರ್ಯ ಇರಲಿಲ್ಲ.

"ಒತ್ತಿ ಅತ್ತೆ" ಎಂದೆ.

"ಬಾ ಕಂದ, ನನ್ನ ಹತ್ರ ಬಾ."

ಅಳು ನಿಂತಿತು. ಮಗಳು ಮೆಟ್ಟಿಲ ಕೆಳಗೆ ನೋಡಿದಳು, ಚಾವಣಿ ನೋಡಿದಳು, ಆಮೇಲೆ ಅತ್ತೆಯನ್ನು. ನಿದ್ದೆಗಣ್ಣಲ್ಲಿ ನಡೆದವಳ ಹಾಗೆ ಹತ್ತಿರ ಹೋಗಿ ಅವರ ಎದೆಗೆ ಕಿವಿಯಿಟ್ಟಳು. ಅತ್ತೆ ಇನ್ನೊಮ್ಮೆ ಒತ್ತಿದರು.

"ಸುಮ್ನಜ್ಜೀ, ಪೆಟ್ಟಿಗೆ ಅಜ್ಜಿ ನಿನ್ನೊಳಗೆ ಬಂದ್ಬಿಟ್ಲಾ?"

ಅತ್ತೆ ಹೌದೆಂದು ತಲೆಯಾಡಿಸಿದರು. ಕಣ್ಣೀರು ಗಲ್ಲದಿಂದ ಮಗಳ ಕೂದಲಿಗೆ ಇಳಿಯುತ್ತಿತ್ತು. ಮಗಳು ಸ್ಪೀಕರನ್ನು ಪಕ್ಕಕ್ಕೆ ಸರಿಸಿ, ಅವರ ಗಂಟಲಿನ ಗಾಯದ ಕಲೆಗೆ ಮುತ್ತಿಟ್ಟು, "ಬಂದೇ ಅಜ್ಜೀ" ಎಂದಳು.