ಮಾಳೇಶನ ಗಾಡಿಯ ಬೆಳಕು

ಗಾಡಿಗೆ ದೆವ್ವ ಹಿಡಿಯುವುದಿಲ್ಲ, ತುಕ್ಕು ಹಿಡಿಯುತ್ತದೆ. ತೆಲಸಂಗದ ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತಾರು ವರ್ಷದಿಂದ ಮೋಟರ್‌ಸೈಕಲ್ ರಿಪೇರಿ ಮಾಡಿಕೊಂಡಿರುವ ನಾನು, ಹುಸೇನ, ಈ ಮಾತನ್ನು ಎಷ್ಟು ಜನರ ಮುಖದ ಮೇಲೆ ಹೇಳಿದ್ದೇನೋ. ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ಲಿಂಬೆಹಣ್ಣು ಕಟ್ಟಿ, ತೆಂಗಿನಕಾಯಿ ಒಡೆದು ಆ ನೀರನ್ನೆಲ್ಲ ವೈರಿಂಗ್ ಮೇಲೆ ಸುರಿಯುತ್ತಾರೆ. ಮರುದಿನ 'ಗಾಡಿ ಚಾಲೂ ಆಗವಲ್ದು, ಯಾರದೋ ಕಣ್ಣು ಬಿದ್ದೈತಿ' ಎಂದು ದಬ್ಬಿಕೊಂಡು ಬರುತ್ತಾರೆ. ಅಂಥವರನ್ನು ನಾನು ಬೈಯದೆ ಕಳಿಸಿದ್ದೇ ಇಲ್ಲ. ಹುಸೇನನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಎಂದು ಊರಿನವರ ಮಾತು.

ಈ ಮಾಘಮಾಸದಲ್ಲಿ ಒಂದು ಮುಂಜಾನೆ ಭಾಗ್ಯಾ ಬಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು. ಇಪ್ಪತ್ನಾಲ್ಕರ ಹುಡುಗಿ, ಹಾಲುಮತದ ಕುರುಬರ ಮನೆಯವಳು, ಊರ ಹೊರಗೆ ಅಥಣಿ ರಸ್ತೆಯ ಕಡೆ ವಸ್ತಿಯಲ್ಲಿ ಇವಳ ಮನೆ. ಸುತ್ತಿನ ಹಳ್ಳಿಗಳ ಆಡು-ಕುರಿಗೆ ಲಸಿಕೆ ಹಾಕುವ ಕೆಲಸ ಇವಳದು. ಗಾಡಿಯ ಹಿಂದೆ ಯಾವಾಗಲೂ ಒಂದು ಐಸ್ ಡಬ್ಬಿ ಕಟ್ಟಿರುತ್ತಾಳೆ. ಗಾಡಿ ಇವಳ ಅಣ್ಣ ಮಾಳೇಶನದು. ಇಪ್ಪತ್ತು ವರ್ಷದ ಹಳೆಯ ನೂರು ಸಿಸಿ.

"ಕಾಕಾ, ಮತ್ತ ಬಲ್ಬ್ ಹೋತು," ಅಂದಳು.

"ಎಷ್ಟನೇದು?"

"ನಾಕನೇದು. ಈ ತಿಂಗಳದಾಗ."

"ಎಲ್ಲಿ ಹೋತು?"

ಅವಳು ನನ್ನ ಕಡೆ ನೋಡಲಿಲ್ಲ. "ಅಲ್ಲೇರಿ. ಬೇವಿನ ಗಿಡದ ಹಂತೇಕ."

ಯಾವ ಬೇವಿನ ಗಿಡ ಎಂದು ನಾನು ಕೇಳಲಿಲ್ಲ. ಎರಡು ವರ್ಷದ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ, ಅದೇ ಗಿಡದ ಕೆಳಗೆ ಒಂದು ಕಬ್ಬಿನ ಟ್ರಾಲಿ ಕೆಟ್ಟು ನಿಂತಿತ್ತು. ಹಿಂದೆ ಲೈಟಿಲ್ಲ, ರೇಡಿಯಂ ಪಟ್ಟಿ ಇಲ್ಲ. ಮಾಳೇಶ ಇದೇ ಗಾಡಿಯ ಮೇಲೆ ಹೋಗಿ ಅದಕ್ಕೆ ಬಡಿದ. ಆಸ್ಪತ್ರೆಯವರೆಗೂ ಉಳಿಯಲಿಲ್ಲ. ಗಾಡಿ ಒಂದೂವರೆ ವರ್ಷ ಗೋಣಿತಟ್ಟಿನ ಕೆಳಗೆ ಬಿದ್ದಿತ್ತು. ನಾಲ್ಕು ತಿಂಗಳ ಹಿಂದೆ ಭಾಗ್ಯಾ ಅದನ್ನು ಅಥಣಿಗೆ ಒಯ್ದು ಮುಂದಿನ ಫೋರ್ಕ್ ಹಾಕಿಸಿ ತಂದಿದ್ದಳು.

"ರೆಗ್ಯುಲೇಟರ್ ಹೋಗಿರಬೇಕವಾ. ಹಳೇ ಗಾಡಿಗೆ ಅದ ರೋಗ," ಅಂದೆ.

"ಅಥಣಿಯಾಗ ಹೊಸಾದ ಹಾಕಿಸೀನ್ರಿ. ಊರಾಗ ಮಂದಿ ಅಂತಾರ, ಅಣ್ಣಗ ನಾ ಗಾಡಿ ಹೊಡೆಯೂದು ಸೇರವಲ್ದಂತ. ಗುಜರಿಗೆ ಹಾಕು ಅಂತಾರ."

"ಮಂದಿ ಬಾಯಿಗೆ ಮಣ್ಣು ಹಾಕ," ಎಂದು ನಾನು ರೇಗಿದೆ.

"ನೀವ ಏನರ ಮಾಡ್ರಿ ಕಾಕಾ. ಕುರಿ ಹಟ್ಟಿಗೆ ಬರೂದ ಹೊತ್ತು ಮುಳುಗಿದ ಮ್ಯಾಲ. ಅವಾಗ ಸೂಜಿ ಮಾಡಿ ನಾ ಕತ್ತಲದಾಗ ಮನಿಗೆ ಬರಬೇಕು. ಲೈಟ್ ಇಲ್ಲಂದ್ರ ಕೆಲಸ ಬಿಡಬೇಕು. ಇಲ್ಲಂದ್ರ ಒಂದಿನ ನಂದೂ ಅಣ್ಣನ ಹಾದೀನ."

ಆ ಸಂಜೆ ಹೊಸ ಬಲ್ಬ್ ಹಾಕಿ ನಾನೇ ಗಾಡಿ ಹೊಡೆದೆ. ಬೇವಿನ ಗಿಡಕ್ಕಿಂತ ಮೊದಲು ಒಂದು ಏರು. ಏರು ಹತ್ತಿ ಇಳಿದರೆ ರಸ್ತೆ ನೇರ, ಯಾರೇ ಆದರೂ ಅಲ್ಲಿ ಆಕ್ಸಿಲರೇಟರ್ ತಿರುವಿ ರೇಸ್ ಕೊಡುತ್ತಾರೆ. ನಾನೂ ಕೊಟ್ಟೆ. ಬೆಳಕು ಹಳದಿಯಿಂದ ಬಿಳಿಯಾಯಿತು, ಹಾಲಿನಂತೆ ಉಕ್ಕಿತು, ಗಿಡದ ಬೊಡ್ಡೆಗೆ ಮಾಳೇಶನ ತಾಯಿ ಭೀಮಾಬಾಯಿ ಕಟ್ಟಿದ್ದ ಮಗನ ಕೆಂಪು ರುಮಾಲು ಒಂದು ಕ್ಷಣ ನಿಚ್ಚಳ ಕಂಡಿತು. ಆಮೇಲೆ ಏನೂ ಕಾಣಲಿಲ್ಲ. ಬ್ರೇಕ್ ಹಾಕಿ ನಿಂತೆ. ಬ್ಯಾಟರಿ ಕುದಿದ ಹುಳಿ ವಾಸನೆ ಮೂಗಿಗೆ ಬಡಿಯಿತು. ಸುಳ್ಳು ಯಾಕೆ ಹೇಳಲಿ, ಹೆದರಿದೆ. ಯಾ ಅಲ್ಲಾ ಎಂದು ಬಾಯಿಂದ ತಾನಾಗಿ ಬಂತು. ಗಾಡಿಯನ್ನು ದಬ್ಬಿಕೊಂಡು ಹತ್ತಿರದ ಅವರ ವಸ್ತಿಗೇ ಹೋದೆ.

ಅಂಗಳದಲ್ಲಿ ಭಾಗ್ಯಾಳ ತಾಯಿ ಭೀಮಾಬಾಯಿ ಕಾಯುತ್ತ ಕುಳಿತಿದ್ದಳು. ನಾನು ಕಿಸೆಯಲ್ಲಿದ್ದ ಇನ್ನೊಂದು ಬಲ್ಬ್ ಹಾಕಿದ ಕೂಡಲೇ ಅವಳು ಎದ್ದು ಬಂದು ಹೆಡ್‌ಲೈಟಿನ ಎದುರಿನ ಕಲ್ಲಿನ ಮೇಲೆ ಕುಳಿತಳು. "ಚಾಲೂ ಮಾಡ ಬೇ," ಎಂದು ಮಗಳಿಗೆ ಹೇಳಿದಳು. ಭಾಗ್ಯಾ ನನ್ನ ಮುಖ ನೋಡಿ, ನಾಚಿಕೊಂಡು, ಕಿಕ್ ಹೊಡೆದು ಸ್ವಲ್ಪ ರೇಸ್ ಹಿಡಿದು ನಿಂತಳು. ಇದು ದಿನದ ಕೆಲಸ ಎಂದು ನನಗೆ ತಿಳಿಯಿತು.

"ಮಾಳೇಶಾ, ಉಂಡಿ ಏನಪಾ?" ಎಂದು ಭೀಮಾಬಾಯಿ ಬೆಳಕಿಗೆ ಕೇಳಿದಳು.

ಬೆಳಕು ಕುಗ್ಗಿತು, ಮತ್ತೆ ಎದ್ದಿತು.

"ಉಂಡಾನಂತ," ಎಂದು ನನ್ನ ಕಡೆ ತಿರುಗಿ ನಕ್ಕಳು. ಎರಡು ವರ್ಷದಲ್ಲಿ ಆ ಹೆಂಗಸು ನಕ್ಕದ್ದನ್ನು ನಾನು ನೋಡಿರಲಿಲ್ಲ. "ಥಂಡಿ ಹತ್ತೇತೇನೋ? ಕಂಬಳಿ ಹೊಚ್ಚಿ ಇಲ್ಲೋ?" ಬೆಳಕು ನಡುಗಿತು. "ನೋಡು, ಯಾರ ಬಂದಾರ ನೋಡು. ಹುಸೇನ ಬಂದಾನ." ಬೆಳಕು ಭಗ್ಗನೆ ಎದ್ದು ನನ್ನ ಮುಖಕ್ಕೆ ಬಡಿಯಿತು. ನಾನು ಕೈ ಅಡ್ಡ ಹಿಡಿದೆ.

"ನಿನ್ನ ಹೆಸರು ಹೇಳಿದ್ರ ಹಿಂಗ ಉರೀತಾನ ತಮ್ಮಾ. ನಿನ್ನ ಮ್ಯಾಲ ಭಾಳ ಜೀವ ಇತ್ತಲ್ಲ ಅವಂಗ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಯಾಕೋ ಹಾಗೆಯೇ ಆಯಿತು. ಮಾಳೇಶ ಸಾಯುವ ಮೊದಲು ಎರಡು ಸಲ ಸುಟ್ಟ ಬಲ್ಬ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಿದ್ದ. ಎರಡು ಸಲವೂ 'ಲೇ, ಡುಪ್ಲಿಕೇಟ್ ಬಲ್ಬ್ ತರತೀಯಲ್ಲೋ' ಎಂದು ಬೈದು ಬೇರೆ ಬಲ್ಬ್ ಹಾಕಿ ಕಳಿಸಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಗಾಡಿಯನ್ನು ಅಂಗಡಿಗೆ ತಂದು ಮರುದಿನ ಬೆಳಗ್ಗೆ ಬಿಚ್ಚಿದೆ. ರೆಗ್ಯುಲೇಟರ್ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ಅಲ್ಯೂಮಿನಿಯಂ ಡಬ್ಬಿ. ರೇಸ್ ಕೊಟ್ಟಷ್ಟೂ ಎಂಜಿನ್ನಿನಿಂದ ಕರೆಂಟು ಹೆಚ್ಚು ಬರುತ್ತದೆ. ಹೆಚ್ಚಾದದ್ದನ್ನು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಇಳಿಸಿ ಬಲ್ಬನ್ನೂ ಬ್ಯಾಟರಿಯನ್ನೂ ಕಾಯುವುದು ಅದರ ಕೆಲಸ. ಅದಕ್ಕೆ ಅದರ ಬೆನ್ನು ಚಾಸಿಯ ಬರಿ ಕಬ್ಬಿಣಕ್ಕೆ ತಾಗಿರಬೇಕು. ಡಬ್ಬಿ ಹೊಸದೇ ಇತ್ತು. ಅಥಣಿಯವನು ಹಳೆಯದನ್ನು ತೆಗೆದು, ಕೆಳಗೆ ನೋಡದೆ, ಅದೇ ಜಾಗದಲ್ಲಿ ಕೂಡಿಸಿದ್ದ. ಬೋಲ್ಟ್ ತೆಗೆದೆ. ಕೆಳಗೆ ಬಣ್ಣ ಇತ್ತು. ದಪ್ಪ ಬಣ್ಣ, ಗಿಳಿಹಸಿರು.

ನಾನು ತಲೆ ಎತ್ತಿ ನನ್ನ ಅಂಗಡಿಯ ಬಾಗಿಲು ನೋಡಿದೆ. ಅದೇ ಗಿಳಿಹಸಿರು.

ಮಾಳೇಶ ಸಾಯುವ ಮೊದಲಿನ ಖಂಡೇನವಮಿ, ಆಯುಧಪೂಜೆಯ ದಿನ, ಕಣ್ಣಿಗೆ ಕಟ್ಟಿತು. ಚಾಸಿಗೆ ತುಕ್ಕು ಹಿಡಿದಿದೆ, ಪೂಜೆಗೆ ಬಣ್ಣ ಹಚ್ಚಿಕೊಡು ಎಂದು ಮಾಳೇಶ ಗಾಡಿ ಬಿಟ್ಟಿದ್ದ. ಬಾಗಿಲಿಗೆ ಹಚ್ಚಿ ಉಳಿದ ಡಬ್ಬಿ ಇತ್ತು. "ಇದನ್ನ ಹಚ್ಚು ಕಾಕಾ, ಗಿಣಿ ಹಾರಿಧಂಗ ಹೋಗಲಿ ಗಾಡಿ," ಎಂದು ನಕ್ಕಿದ್ದ. ಎಲ್ಲ ಜೋಡಿಸಿ ರೆಗ್ಯುಲೇಟರ್ ಒಂದೇ ಉಳಿದಿತ್ತು. ಅಷ್ಟರಲ್ಲಿ ನನ್ನ ಪಾಲುದಾರ ರಾಜಾರಾಮ ಬೋಲ್ಟ್ ತಿರುವುವ ಪಾನಾ, ಹತೋಡಿ, ಕಬ್ಬಿಣ ಉಜ್ಜುವ ಕಾನಸು ಎಲ್ಲವನ್ನೂ ತೊಳೆದು, ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆದುಬಿಟ್ಟಿದ್ದ. ಪೂಜೆಗೆ ಕೂತ ಆಯುಧ ಮರುದಿನ ಬನ್ನಿ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ಐದು ಹೊತ್ತು ನಮಾಜು ಮಾಡುವವನು. ಆದರೂ ನನ್ನ ಪಾನಾ ವರ್ಷವೂ ಆ ಸಾಲಿನಲ್ಲೇ ಕೂರುತ್ತವೆ. ಅನ್ನ ಕೊಡುವ ಕಬ್ಬಿಣಕ್ಕೆ ಜಾತಿ ಎಲ್ಲಿಯದು? ಬಣ್ಣ ಕೆರೆಯಲು ಕಾನಸು ಬೇಕು, ಕಾನಸು ಪೂಜೆಯಲ್ಲಿ. ಮಾಳೇಶನಿಗೆ ಅವಸರ, ಮನೆಯಲ್ಲಿ ತಾಯಿ ಆರತಿ ಹಿಡಿದು ಕಾಯುತ್ತಿದ್ದಾಳೆ. ಚಹಾದ ಅಂಗಡಿಯಿಂದ ಪಾತ್ರೆ ಹಿಡಿಯುವ ಪಕ್ಕಡ ಇಸಿದುಕೊಂಡು, ಬಣ್ಣದ ಮೇಲೆಯೇ ಬೋಲ್ಟ್ ತಿರುವಿ ಕಳಿಸಿದೆ. ನಾಳೆ ಬಾ, ಕೆರೆದು ಕೂಡಿಸ್ತೀನಿ ಅಂದೆ.

ಮರುದಿನ ಅವನು ಬಂದ. ಬನ್ನಿ ಕೊಟ್ಟ. "ಬನ್ನಿ ತಗೊಂಡು ಬಂಗಾರಧಂಗ ಇರೋಣು ಕಾಕಾ," ಎಂದು ತಬ್ಬಿಕೊಂಡ. ನಾನೂ ತಬ್ಬಿಕೊಂಡೆ. ರೆಗ್ಯುಲೇಟರ್ ನೆನಪಾಗಲಿಲ್ಲ.

ಅಂಗಡಿಯ ನೆಲದ ಮೇಲೆ ಕುಳಿತುಬಿಟ್ಟೆ. ಆ ಹುಡುಗ ಏರು ಇಳಿದು ರೇಸ್ ಕೊಟ್ಟಿದ್ದಾನೆ, ಬೆಳಕು ಉಕ್ಕಿದೆ, ಆರಿದೆ, ಎದುರಿಗೆ ಟ್ರಾಲಿ. ಲೈಟಿಲ್ಲದ ಟ್ರಾಲಿಯವನನ್ನು ಎರಡು ವರ್ಷ ಊರೆಲ್ಲ ಬೈದಿತ್ತು. ಎಲ್ಲರಿಗಿಂತ ಜೋರಾಗಿ ಬೈದವನು ನಾನೇ.

ಕಾನಸಿನಿಂದ ಬಣ್ಣ ಕೆರೆದೆ. ಕಬ್ಬಿಣ ಬೆಳ್ಳಗೆ ಆಗುವ ತನಕ ಕೆರೆದೆ. ಬೇರೆ ಅರ್ಥಿಂಗ್ ವೈರೊಂದನ್ನು ಕೂಡಿಸಿ ಬಿಗಿದೆ. ಸಂಜೆ ಭಾಗ್ಯಾ ಬಂದು ಬೇವಿನ ಗಿಡದವರೆಗೆ ಹೋಗಿ ಬಂದಳು. ಬೆಳಕು ಅಲುಗಲಿಲ್ಲ. ಅವಳ ಮುಖ ಅರಳಿತ್ತು.

"ಏನಾಗಿತ್ತ ಕಾಕಾ?"

ಹೇಳಲು ಅದೇ ಹೊತ್ತು. ಪಾನಾ ಎತ್ತಿಕೊಂಡು ಎಣ್ಣೆಬಟ್ಟೆಯಿಂದ ಒರೆಸತೊಡಗಿದೆ. "ಏನೋ ಒಂದ ಲೂಸ್ ಇತ್ತು," ಅಂದೆ. ರಾಜಾರಾಮ ಹಿಂದಿನಿಂದ, "ನಾ ಮುಂಜಾನೆ ಲಿಂಬಿಹಣ್ಣ ಕಟ್ಟಿದ್ನಿ, ಹೋತು ಪೀಡಾ," ಎಂದ. ಊರಲ್ಲೆಲ್ಲ ಲಿಂಬೆಹಣ್ಣಿನ ಸುದ್ದಿಯೇ ಆಯಿತು. ಲಿಂಬೆಹಣ್ಣು ಕಟ್ಟಿದವರನ್ನು ಬೈದೇ ಬದುಕಿದ ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಥೂ ನನ್ನ ಜನ್ಮಕ್ಕೆ.

ಮೂರನೆಯ ದಿನ ಸಂಜೆ ಭೀಮಾಬಾಯಿ ನಡೆದುಕೊಂಡೇ ಅಂಗಡಿಗೆ ಬಂದಳು. ರಾಜಾರಾಮ ಇರಲಿಲ್ಲ. ಒಂದು ಹಳೆಯ ಟೈರಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ತಮ್ಮಾ, ಗಾಡಿ ಮೊದಲಿನಂಗ ಮಾಡಿ ಕೊಡು."

"ಏನಾತ ಅಕ್ಕಾ? ಮತ್ತ ಕೆಟ್ಟೈತೇನು?"

"ಕೆಟ್ಟಿಲ್ಲ. ಅದಕ್ಕ ಬಂದೀನಿ. ಮೂರ ದಿನಾ ಆತು, ಅಂವ ಮಾತಾಡವಲ್ಲ. ಉಂಡಿ ಏನೋ ಅಂದ್ರ ಸುಮ್ನ ಉರಿಯಾಕತ್ತೈತಿ ದೀಪ. ನಿನ್ನ ಹೆಸರು ಹೇಳಿದ್ನಿ, ಅದಕ್ಕೂ ಇಲ್ಲ. ಏನ ಬಿಚ್ಚೀದಿ ಅದನ್ನ ಹೊಳ್ಳಿ ಹಾಕು. ನಿನ್ನ ಕಾಲ ಬೀಳತೀನಿ."

"ಹುಚ್ಚು ಹಿಡದೈತೇನ ನಿನಗ?" ಎಂದು ಕೂಗಿಬಿಟ್ಟೆ. "ಭಾಗ್ಯಾ ಕತ್ತಲದಾಗ ಬರತಾಳ. ಒಬ್ಬಂವ ಹೋಗ್ಯಾನ, ಸಾಲಲಿಲ್ಲೇನು?"

"ಆಕಿ ಅಣ್ಣ ಆಕೀನ ಕಾಯತಾನ," ಎಂದಳು ಭೀಮಾಬಾಯಿ, ಮೆತ್ತಗೆ. "ನೀ ಕೊಡದಿದ್ರ ನಾ ಅಥಣಿಗೆ ಒಯ್ಯತೀನಿ. ಹ್ಯಾಂಗರ ಮಾಡಿ ಕೆಡಸ್ತಾರ."

ಒಯ್ಯುತ್ತಾಳೆ. ನನಗೆ ಗೊತ್ತು, ಒಯ್ಯುತ್ತಾಳೆ. ಅಲ್ಲಿ ಯಾರೋ ಒಂದು ವೈರು ಸಡಿಲ ಮಾಡಿದರೂ ಸಾಕು, ಆ ಹುಡುಗಿ ಗಿಡದ ಕೆಳಗೆ ಸಿಗುತ್ತಾಳೆ. ದೆವ್ವ ಇಲ್ಲ ಎಂದು ಬರೀ ಬಾಯಿಯಲ್ಲಿ ಹೇಳಿದರೆ ಅವಳು ನಂಬುವುದಿಲ್ಲ. ದೀಪ ಯಾಕೆ ಎದ್ದು ಬೀಳುತ್ತಿತ್ತು ಎಂದು ಹೇಳಬೇಕು. ಅದನ್ನು ಹೇಳಿದರೆ ಎಲ್ಲ ಹೇಳಿದಂತೆ.

ಗಿಳಿಹಸಿರಿನ ಕೆರೆದ ಚೂರುಗಳನ್ನು ನಾನು ಎಸೆದಿರಲಿಲ್ಲ, ಯಾಕೋ ಒಂದು ಕಾಗದದಲ್ಲಿ ಕಟ್ಟಿಟ್ಟಿದ್ದೆ. ಅದನ್ನು ತಂದು ಅವಳ ಮುಂದೆ ಬಿಚ್ಚಿದೆ. ಖಂಡೇನವಮಿಯಿಂದ ಹಿಡಿದು ಸುಟ್ಟ ಎರಡು ಬಲ್ಬಿನವರೆಗೆ ಹೇಳಿದೆ. "ಬಣ್ಣ ನಡಕ ಇತ್ತಕ್ಕಾ. ಬೋಲ್ಟ್ ಅಲುಗಿದಾಗ ಕಬ್ಬಿಣಕ್ಕ ತಾಗತಿತ್ತು, ಬಿಡತಿತ್ತು. ಅದಕ್ಕ ದೀಪ ಎದ್ದು ಬೀಳತಿತ್ತು. ಮಾಳೇಶ ಅಲ್ಲ ಅದು. ನನ್ನ ತಪ್ಪ ಅದು. ನಿನ್ನ ಮಗನ್ನ ಕೊಂದದ್ದೂ ಅದ." ಅಳು ಬಂತು. ತಡೆಯಲಿಲ್ಲ.

ಭೀಮಾಬಾಯಿ ಬಣ್ಣದ ಚೂರನ್ನು ಬೆರಳಿಂದ ಮುಟ್ಟಿ ನೋಡಿದಳು. ಬಾಗಿಲನ್ನು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಕಾದೆ. ಏನಾದರೂ ಮಾಡಿದ್ದರೆ ಚೆನ್ನಾಗಿತ್ತು.

"ನನ್ನಿಂದ ಎರಡ ಸಲ ಕಸಗೊಂಡ್ಯಲ್ಲೋ ಅಂವನ್ನ," ಎಂದಳು ಕಡೆಗೆ. "ಒಮ್ಮೆ ಕೆಡಿಸಿ, ಒಮ್ಮೆ ರಿಪೇರಿ ಮಾಡಿ."

ಅವಳು ಎದ್ದಳು. "ಭಾಗ್ಯಾನ ಗಾಡಿ ಹಂಗ ಇರಲಿ. ಆಕಿಗೆ ನಾ ಹೇಳತೀನಿ, ನೀ ಹೇಳಬ್ಯಾಡ," ಎಂದು ರಸ್ತೆಗಿಳಿದಳು.

ಭಾಗ್ಯಾ ಆಮೇಲೆ ನನ್ನ ಅಂಗಡಿಗೆ ಬಂದಿಲ್ಲ. ಅಥಣಿಯಿಂದ ಕಾನಸು, ಪಾನಾ ತಂದುಕೊಂಡು ಅಮಾವಾಸ್ಯೆಗೊಮ್ಮೆ ತಾನೇ ಬೋಲ್ಟ್ ಬಿಚ್ಚಿ, ಕೆರೆದು, ಬಿಗಿಯುತ್ತಾಳಂತೆ. ಹೊತ್ತು ಮುಳುಗಿದ ಮೇಲೆ ಬಸ್ ಸ್ಟ್ಯಾಂಡಿನ ಮುಂದೆ ಹಾಯ್ದು ಹೋಗುವಾಗ ಅವಳ ಗಾಡಿಯ ಬೆಳಕು ಗಟ್ಟಿಯಾಗಿ ನಿಂತಿರುತ್ತದೆ. ಅವಳು ಈ ಕಡೆ ತಿರುಗುವುದಿಲ್ಲ.

ಭೀಮಾಬಾಯಿ ಬರುತ್ತಾಳೆ. ಮರುದಿನವೇ ಬಂದಳು, ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದು ಅದೇ ಟೈರಿನ ಮೇಲೆ, ನನ್ನ ಎದುರಿಗೆ, ಹೆಡ್‌ಲೈಟಿನ ಎದುರು ಕೂರುತ್ತಿದ್ದಂತೆ ಕೂರುತ್ತಾಳೆ. ರಾಜಾರಾಮ ಅವಳನ್ನು ಕಂಡರೆ ಎದ್ದು ಚಹಾದ ಅಂಗಡಿಗೆ ಹೋಗಿಬಿಡುತ್ತಾನೆ. ನನಗೆ ಎದ್ದು ಹೋಗಲು ಬರುವುದಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಾಳೆ.

"ಮಾಳೇಶ ಉಂಡಾನೇನೋ ಹುಸೇನಾ?"

"ಉಂಡಾನ ಅಕ್ಕಾ," ಅನ್ನುತ್ತೇನೆ.

"ಥಂಡಿ ಐತಿ. ಕಂಬಳಿ ಹೊಚ್ಚ್ಯಾನಿಲ್ಲೋ?"

ನಾನು ಪಾನಾ ಕೆಳಗಿಟ್ಟು, ಹೊಚ್ಚ್ಯಾನ ಅಕ್ಕಾ ಅನ್ನುತ್ತೇನೆ.