ಹದಿನೇಳನೇ ಗಾಜು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಆ ಗಾದೆ ಕಟ್ಟಿದವರು ನಮ್ಮ ಬೆಟ್ಟವನ್ನು ನೋಡಿರಲಿಲ್ಲ. ಅದು ದೂರಕ್ಕೆ ಹಲ್ಲು ಕಿರಿದ ಹಾಗೆ ಕಾಣುತ್ತದೆ. ಒಂದರ ಪಕ್ಕ ಒಂದು ಕಲ್ಲಿನ ಕಂಬ, ಒಂದೂ ನೆಟ್ಟಗಿಲ್ಲ. ಹತ್ತಿರ ಹೋದರೆ ಮಾತ್ರ ನುಣುಪು. ಕಂಬಗಳ ಮೈತುಂಬ ಹೊಳೆಯ ಗುಂಡುಕಲ್ಲುಗಳು, ಮೊಟ್ಟೆಯಷ್ಟು, ಮುಷ್ಟಿಯಷ್ಟು, ಕುಂಬಳಕಾಯಿಯಷ್ಟು, ಯಾರೋ ಗಾರೆಯಲ್ಲಿ ಕಲಸಿ ಎತ್ತಿ ನಿಲ್ಲಿಸಿದ್ದಾರೆ ಅನ್ನಿಸಬೇಕು. ಹೊಳೆ ಇರುವುದು ಕೆಳಗೆ, ಮೂರು ಗಂಟೆ ದಾರಿ. ಒಂದು ಕಾಲಕ್ಕೆ ಇದೇ ಹೊಳೆಯ ತಳವಾಗಿತ್ತು, ಆಮೇಲೆ ನೆಲ ಮೇಲೆದ್ದಿತು ಎಂದು ಭೂಮಿಶಾಸ್ತ್ರ ಓದಿದವರು ಹೇಳುತ್ತಾರೆ. ಹೊಳೆ ಸೊಕ್ಕಿ ಹರಿಯುತ್ತಿತ್ತು, ಮೊದಲ ಸನ್ಯಾಸಿ 'ಎದ್ದು ನಿಲ್ಲು' ಅಂದರು, ಎದ್ದು ನಿಂತಿತು ಎಂದು ಮಠದವರು ಹೇಳುತ್ತಾರೆ. ಎರಡೂ ಒಂದೇ ಮಾತು, ಜಗಳ ಯಾಕೆ ಅನ್ನುವುದು ಅಪ್ಪನ ವಾದವಾಗಿತ್ತು.

ಈಗ ಅಪ್ಪನಿಗೆ ಯಾವ ವಾದವೂ ಇಲ್ಲ. ನಲವತ್ತು ದಿನದಿಂದ ಅಡುಗೆಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಬಾಯಿಗೆ ಬೀಗ. ಬಡಿಸಿದರೆ ತಿನ್ನುತ್ತಾನೆ, ಇಲ್ಲದಿದ್ದರೆ ಇಲ್ಲ. ಮಠದಿಂದ ಎರಡು ಸಲ ಹೇಳಿಕಳಿಸಿದ್ದರು, ಮೇಲಿನ ದಾರಿಯ ಕೀಲಿಯನ್ನೂ ಕೆಲಸದ ಚೀಲವನ್ನೂ ಹಿಂದಿರುಗಿಸಬೇಕು ಅಂತ. ಅವನು ಏಳಲಿಲ್ಲ. ಭಾನುವಾರ ನಾನು ಕೆಲಸ ಮಾಡುವ ಕನ್ನಡಕದ ಕಾರ್ಖಾನೆಗೆ ರಜೆ, ನಾನೇ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಅಪ್ಪನ ಕೆಲಸ ಬೆಟ್ಟದ ಬಿರುಕು ಕಾಯುವುದು. ಕೇಳಿದವರು ನಗುತ್ತಾರೆ, ಆದರೆ ಕೆಲಸ ನಿಜ. ಮಠಕ್ಕೆ ಹೋಗುವ ಕಾಲುದಾರಿಯ ಮೇಲೆ ಕಂಬಗಳು ಬಾಗಿವೆ. ಅವುಗಳ ಬಿರುಕುಗಳಿಗೆ ಅಡ್ಡಲಾಗಿ, ಬೆರಳುದ್ದದ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಗಾರೆ ಮೆತ್ತುತ್ತಾರೆ. ಕಲ್ಲು ಕೂದಲೆಳೆಯಷ್ಟು ಕದಲಿದರೂ ಗಾಜು ಚಟ್ ಎಂದು ಒಡೆಯುತ್ತದೆ. ಒಡೆದರೆ ದಾರಿ ಮುಚ್ಚಬೇಕು, ಮಠಕ್ಕೆ ತಿಳಿಸಬೇಕು. ಇಂಥ ಪಟ್ಟಿ ನಲವತ್ತಾರು. ಮೂವತ್ತೊಂದು ವರ್ಷ ಅಪ್ಪ ಪ್ರತಿ ಸೋಮವಾರ ಹತ್ತಿ, ಒಂದೊಂದನ್ನೂ ಮುಟ್ಟಿ ನೋಡಿ ಇಳಿದಿದ್ದಾನೆ. ಅಮ್ಮ ತೀರಿಕೊಂಡಿದ್ದು ಒಂದು ಭಾನುವಾರ. ಮರುದಿನ ಮಧ್ಯಾಹ್ನ ಅವನು ಬೆಟ್ಟದ ಮೇಲಿದ್ದ. ಅತ್ತೆ, ಅಂದರೆ ಅವನ ತಂಗಿ, ಅದನ್ನು ಇವತ್ತಿಗೂ ಹೊಟ್ಟೆಗೆ ಹಾಕಿಕೊಂಡಿಲ್ಲ.

ಸುಮಾರು ನಲವತ್ತು ದಿನದ ಹಿಂದೆ, ಒಂದು ಬುಧವಾರ, ಕಿವಿಗಂಬ ಅನ್ನುವ ಕಂಬದ ಒಂದು ಪಕ್ಕೆ ಕಳಚಿ ಬಿತ್ತು. ಕೆಳಗೆ ತೋಟದ ಸನ್ಯಾಸಿ ಸೊಪ್ಪಿಗೆ ನೀರು ಹಾಕುತ್ತಿದ್ದರು. ಕೆಲಸ ಮಾಡುವಾಗ ಸದಾ ಏನೋ ಗುನುಗುತ್ತಿದ್ದರಿಂದ ಎಲ್ಲರೂ ಅವರನ್ನು ಗುನುಗು ಅಂತಲೇ ಕರೆಯುತ್ತಿದ್ದರು. ಅಪ್ಪನಿಗೆ ಅವರೊಬ್ಬರೇ ಗೆಳೆಯ. ಸೋಮವಾರ ಸೋಮವಾರ ಇಬ್ಬರೂ ಆ ತೋಟದ ಕಟ್ಟೆಯ ಮೇಲೆ ಕೂತು ಬುತ್ತಿ ಹಂಚಿಕೊಳ್ಳುತ್ತಿದ್ದರು. ಗುನುಗು ಅಲ್ಲೇ ತೀರಿಕೊಂಡರು.

ವಿಚಾರಣೆ ನಡೆಯಿತು. ಇಂಜಿನಿಯರು ಬಂದರು, ಕೆಳಗಿನಿಂದಲೇ ಕತ್ತೆತ್ತಿ ನೋಡಿದರು. ಅಪ್ಪ ತಾನಾಗಿಯೇ ಕಾಗದ ಕೇಳಿ ತೆಗೆದುಕೊಂಡು, 'ಆ ಸೋಮವಾರ ನಾನು ಮೇಲೆ ಹೋಗಲಿಲ್ಲ' ಎಂದು ಬರೆದು ರುಜು ಹಾಕಿದ. ಒಪ್ಪಿಕೊಂಡವನ ಮೇಲೆ ಇನ್ನೇನು ವಿಚಾರಣೆ. ಊರಲ್ಲಿ ಆಡಿಕೊಳ್ಳುವವರಿಗೆ ಅಷ್ಟು ಸಾಕಾಯಿತು.

ಆದರೆ ಆ ಸೋಮವಾರ ಬುತ್ತಿ ಕಟ್ಟಿಕೊಟ್ಟವಳು ನಾನು. ಅವನು ಹೋಗಿದ್ದಾನೆ. ಸಂಜೆ ಬೂಟಿನ ಕೆಸರು ಕೆರೆದವಳೂ ನಾನೇ. ಯಾಕೆ ಸುಳ್ಳು ಬರೆದ? ಅದನ್ನು ತಿಳಿದು, ಅವನ ಹೆಸರಿಗೆ ಅಂಟಿದ ಮಸಿ ತೊಳೆಯಬೇಕು ಅನ್ನುವುದೇ ನನ್ನ ಉದ್ದೇಶ, ಕೀಲಿ ಚೀಲ ಎಲ್ಲ ನೆಪ. ಉದ್ದೇಶ ಅಂದೆ, ಆಸೆ ಅನ್ನಲಾರೆ. ಆ ಬುಧವಾರದಿಂದ ನನಗೆ ಏನೂ ಅನ್ನಿಸುತ್ತಿಲ್ಲ. ಗುನುಗು ನನ್ನನ್ನು ಮಗುವಾಗಿದ್ದಾಗಿನಿಂದ ಬಲ್ಲವರು, ಅವರನ್ನು ಮಣ್ಣು ಮಾಡಿದ ದಿನ ನಾನು ಒಂದು ಹನಿ ಅಳಲಿಲ್ಲ. ಅತ್ತೆ, ಕಲ್ಲೆದೆಯವಳು ಅಂದರು. ಇರಬಹುದು. ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ನಡುವೆ ಇನ್ನೇನೂ ಇಲ್ಲ.

ಮಠದ ಬಾಗಿಲಲ್ಲಿ ಕೀಲಿ ಸನ್ಯಾಸಿ ಸಿಕ್ಕರು. ಬೀಗ, ಕೀಲಿ, ಉಗ್ರಾಣ, ಕಾಗದಪತ್ರ ಎಲ್ಲ ಅವರ ಸುಪರ್ದಿ. ಒಂದು ಕಿವಿ ಕೇಳಿಸುವುದಿಲ್ಲ, ಯಾವುದು ಅನ್ನುವುದು ಅವರ ಅನುಕೂಲದ ಮೇಲೆ.

"ಅಪ್ಪ ಬರ್ಲಿಲ್ವಾ?" ಅಂದರು.

"ಇಲ್ಲ. ಕೀಲಿ ಕೊಡೋ ಮುಂಚೆ ನಾನೊಂದ್ಸಲ ಮೇಲೆ ಹೋಗ್ಬೇಕು."

"ಆ ದಾರಿ ಮುಚ್ಚಿದೆ."

"ಕೀಲಿ ನನ್ನ ಕೈಲಿದೆ."

ಅವರು ನನ್ನ ಮುಖ ನೋಡಿದರು. "ಮೂಗಿನ ತುದೀಲಿ ಕೋಪ. ಥೇಟ್ ನಿಮ್ಮಮ್ಮ," ಅಂದು ಕೋಲು ತೆಗೆದುಕೊಂಡು ತಾವೂ ಹೊರಟರು.

ಕಿವಿಗಂಬ ಎಲ್ಲಕ್ಕಿಂತ ಹೆಚ್ಚು ಬಾಗಿರುವ ಕಂಬ. ಮಠದ ಕಡೆಗೆ ವಾಲಿಕೊಂಡು ಕದ್ದು ಕೇಳುತ್ತದೆ, ಅದರ ಕೆಳಗೆ ನಿಂತು ಸುಳ್ಳು ಹೇಳಿದರೆ ಒಂದು ಗುಂಡುಕಲ್ಲು ಉದುರುತ್ತದೆ ಎಂಬ ಕತೆ ಇದೆ. ಹೆಂಡತಿಯ ಜೊತೆ ಬಂದ ಗಂಡಂದಿರು ಅಲ್ಲಿ ಬಾಯಿ ಮುಚ್ಚಿಕೊಂಡು ಬೇಗ ಬೇಗ ನಡೆಯುವುದನ್ನು ನಾನೇ ನೋಡಿದ್ದೇನೆ. ಪಕ್ಕೆ ಬಿದ್ದ ಮೇಲೆ ಊರವರು, ಅಷ್ಟು ದೊಡ್ಡ ಸುಳ್ಳು ಯಾರು ಹೇಳಿದರೋ ಎಂದು ತಮಾಷೆ ಮಾಡಿದರಂತೆ. ಮಾಡಲಿ. ಕಾಸು ಖರ್ಚಿಲ್ಲದ ಮಾತು.

ಬಿದ್ದ ಜಾಗ ಹಸಿಯಾಗಿತ್ತು. ಹಳೆಯ ಕಲ್ಲು ಬೂದಿ ಬಣ್ಣ, ಇದು ಗುಲಾಬಿ. ಗುಂಡುಕಲ್ಲುಗಳು ಕಿತ್ತು ಹೋದ ಕಡೆ ಗುಂಡಗಿನ ಗುಳಿಗಳು, ಒಳಗೆ ಬೆರಳಾಡಿಸಿದರೆ ಬಟ್ಟಲಿನಷ್ಟು ನಯ. ಬಿದ್ದದ್ದಕ್ಕೂ ನಿಂತದ್ದಕ್ಕೂ ನಡುವಿನ ಬಿರುಕಿಗೆ ಹಾಕಿದ್ದ ಪಟ್ಟಿ ಹದಿನೇಳನೆಯದು. ಅಪ್ಪನ ಜೊತೆ ಎಷ್ಟೋ ಸಲ ಬಂದಿದ್ದರಿಂದ ನನಗೆ ಎಲ್ಲದರ ಲೆಕ್ಕ ಗೊತ್ತು. ದಾರಿಯಂಚಿನ ಕಟಾಂಜನದ ಕಂಬಿ ಹಿಡಿದು ಬಗ್ಗಿ ನೋಡಿದೆ.

ಬೀಳದೆ ನಿಂತ ಕಲ್ಲಿನ ಗೋಡೆಯ ಮೇಲೆ ಒಂದು ತುದಿಯ ಗಾರೆ ಹಾಗೇ ಇತ್ತು. ಗಾರೆಯ ಸುತ್ತ, ಅಪ್ಪನ ಸಣ್ಣ ಅಕ್ಷರದಲ್ಲಿ, ಪೆನ್ಸಿಲಿನ ತಾರೀಕುಗಳು. ಪ್ರತಿ ಸೋಮವಾರದ್ದೂ. ಕೊನೆಯದು, ಬೀಳುವುದಕ್ಕೆ ಎರಡು ದಿನ ಮುಂಚಿನದು.

"ನೋಡಿ. ಬಂದಿದ್ದಾನೆ," ಅಂದೆ.

ಕೀಲಿ ಸನ್ಯಾಸಿ ಕನ್ನಡಕ ಹಾಕಿಕೊಂಡು ಓದಿದರು, ಎರಡು ಸಲ. "ಹೌದು, ಬಂದಿದ್ದಾನೆ. ಮತ್ತೆ ಗಾಜು ಒಡೆದಿದ್ದು ಕಾಣ್ಲಿಲ್ವಾ ಅವನಿಗೆ?"

ಆಗ ನಾನು ಗಾಜು ನೋಡಿದೆ. ಒಡೆದಿರಲಿಲ್ಲ. ಇಡೀ ಪಟ್ಟಿ ಆ ಗಾರೆಯಿಂದ ನಾಲಿಗೆ ಚಾಚಿದ ಹಾಗೆ ಹೊರಗೆ ನಿಂತಿತ್ತು. ಇನ್ನೊಂದು ತುದಿ ಬಿದ್ದ ಕಲ್ಲಿನ ಗಾರೆಯೊಳಗಿಂದ ಜಾರಿ ಹೊರಗೆ ಬಂದಿತ್ತು, ಅದಕ್ಕೆ ಒಂದು ಚೂರು ಗಾರೆಯೂ ಅಂಟಿರಲಿಲ್ಲ. ಆ ತುದಿಯ ಮೇಲೆ ಧೂಳಿನ ನಾಲ್ಕು ಅಡ್ಡಗೆರೆಗಳು. ಗಾಜಿನ ಮೇಲಿನ ಗೆರೆ ಓದುವುದು ನನ್ನ ಹೊಟ್ಟೆಪಾಡು. ಅದು ಒಂದೇ ದಿನ ಜಾರಿದ್ದಲ್ಲ, ಸ್ವಲ್ಪ ಸ್ವಲ್ಪವಾಗಿ, ತಿಂಗಳುಗಟ್ಟಲೆ. ಕಲ್ಲು ಅಷ್ಟು ದಿನದಿಂದ ಕದಲುತ್ತಲೇ ಇತ್ತು, ಗಾಜು ಏನೂ ಆಗಿಲ್ಲ ಅನ್ನುತ್ತಾ ಕೂತಿತ್ತು.

ಆ ಗಾಜು ಕತ್ತರಿಸಿದವಳು ನಾನು.

ಹೇಳಿಬಿಡುತ್ತೇನೆ. ಮೊದಲು ಮಠ ತರಿಸುತ್ತಿದ್ದ ಗಾಜು ಈರುಳ್ಳಿ ಸಿಪ್ಪೆಯಷ್ಟು ತೆಳು. ಚೀಲದಲ್ಲೇ ಒಡೆಯುತ್ತಿತ್ತು, ಕೈಯಲ್ಲೇ ಒಡೆಯುತ್ತಿತ್ತು. ಅಪ್ಪನಿಗೆ ಅರವತ್ತು ದಾಟಿದ ಮೇಲೆ ಬೆರಳು ನಡುಗತೊಡಗಿ, ಸೋಮವಾರ ಬಂತೆಂದರೆ ಕೈತುಂಬ ಗಾಯ. ಎರಡು ವರ್ಷದ ಹಿಂದೆ ನಾನು ಕಾರ್ಖಾನೆಯಲ್ಲಿ ಮಿಕ್ಕಿದ ಗಾಜಿನಿಂದ ಐವತ್ತು ಪಟ್ಟಿ ಕತ್ತರಿಸಿದೆ. ಸ್ವಲ್ಪ ದಪ್ಪ. ಕನ್ನಡಕದ ಗಾಜಿಗೆ ಮಾಡುವ ಹಾಗೆ ಅಂಚು ಉಜ್ಜಿ, ಮೂಲೆ ದುಂಡಗೆ ಮಾಡಿ, ಮಗುವಿನ ಕೈಗೆ ಕೊಟ್ಟರೂ ಗೀರದ ಹಾಗೆ ನಯ ಮಾಡಿದೆ. ಅವನ ಹುಟ್ಟಿದ ದಿನಕ್ಕೆ ಕೊಟ್ಟೆ. ಅಪ್ಪ ಹೆಬ್ಬೆರಳಿನಿಂದ ಅಂಚು ಸವರಿ, "ನಯವಾಗಿದೆ," ಅಂದ. ಆ ವರ್ಷ ಒಂದೂ ಒಡೆಯಲಿಲ್ಲ. ಬೆಟ್ಟಕ್ಕೂ ವಯಸ್ಸಾಯ್ತು, ನೆಮ್ಮದಿಯಾಗಿದೆ ಎಂದು ನಾನು ಊಟದ ಮೇಜಿನಲ್ಲಿ ನಗೆಯಾಡಿದೆ.

ಒಡೆಯುವುದಕ್ಕೆಂದೇ ಇರುವ ವಸ್ತುವನ್ನು ಒಡೆಯದ ಹಾಗೆ ಮಾಡಿಕೊಟ್ಟೆ. ಉಜ್ಜಿದ ಅಂಚನ್ನು ಗಾರೆ ಹಿಡಿಯಲಿಲ್ಲ. ಇಷ್ಟೇ ವಿಷಯ.

ಎದೆ ಒಡೆಯಬೇಕಿತ್ತು. ಏನೂ ಆಗಲಿಲ್ಲ. ಬೂಟಿನ ದಾರ ಸಡಿಲವಾಗಿದೆ ಅನ್ನುವುದು ಗಮನಕ್ಕೆ ಬಂತು, ಬಗ್ಗಿ ಕಟ್ಟಿಕೊಂಡೆ.

"ಬಿದ್ದ ಮಾರನೇ ದಿನ ನಿಮ್ಮಪ್ಪ ಹತ್ತಿ ಬಂದಿದ್ದ," ಕೀಲಿ ಸನ್ಯಾಸಿ ನಿಧಾನಕ್ಕೆ ಹೇಳಿದರು. "ಇಲ್ಲೇ, ನೀನು ನಿಂತಿರೋ ಜಾಗದಲ್ಲೇ, ತುಂಬಾ ಹೊತ್ತು ಕೂತಿದ್ದ. ಇಳಿದು ಬಂದವನೇ ಕಾಗದ ಕೇಳ್ದ."

ಅಂದರೆ ಅವನೂ ಗೆರೆ ಓದಿದ್ದ. ಓದಿ, ನನ್ನ ಹೆಸರು ಎಲ್ಲೂ ಬರಬಾರದು ಎಂದು ತನ್ನ ಹೆಸರು ಬರೆದ. ಕೆಲಸಕ್ಕೆ ಹೋಗದವನು ಅನ್ನಿಸಿಕೊಂಡ, ಒಂದು ಸೋಮವಾರವೂ ತಪ್ಪಿಸದ ಮನುಷ್ಯ.

ನಾನು ಸನ್ಯಾಸಿಗೆ ಎಲ್ಲ ಹೇಳಿದೆ, ಅಡ್ಡಗೋಡೆ ಮೇಲೆ ದೀಪ ಇಡದೆ. ಯಾರು ಕತ್ತರಿಸಿದರು, ಎಷ್ಟು ದಪ್ಪ, ಯಾಕೆ ಜಾರಿತು. ಕೊನೆಗೆ, "ಅಪ್ಪಂಗೆ ಇದು ಗೊತ್ತಿರ್ಲಿಲ್ಲ. ಅವನು ನಂಬಿ ಹಾಕಿದ," ಅಂದೆ.

ಅವರು ಅಭ್ಯಾಸಬಲದಿಂದ ಕತ್ತೆತ್ತಿ ಕಂಬ ನೋಡಿದರು. ನಾನೂ ನೋಡಿದೆ. ಏನೂ ಉದುರಲಿಲ್ಲ.

ಉಗ್ರಾಣದ ಪಕ್ಕದ ಅವರ ಕೋಣೆಯಲ್ಲಿ ಕೂತು ಕಾಗದ ಬರೆದೆ. ಆ ಸೋಮವಾರ ತಪಾಸಣೆ ಆಗಿದೆ, ತಾರೀಕು ಗೋಡೆಯ ಮೇಲಿದೆ. ದಪ್ಪ ಗಾಜು ಮಾಡಿಕೊಟ್ಟವಳು ನಾನು. ಅಪ್ಪನಿಗೆ ಗೊತ್ತಿರಲಿಲ್ಲ. ರುಜು ಹಾಕುವಾಗ ಕೈ ಒಂದಿಷ್ಟೂ ಅಲುಗಲಿಲ್ಲ, ಅದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಸನ್ಯಾಸಿ ಕಾಗದ ಓದಿ ಮಡಚಿದರು. "ನಾಳೆ ಇಂಜಿನಿಯರಿಗೆ ಕಳಿಸ್ತೀನಿ. ಉಳಿದ ಗಾಜೂ ತೆಗೆಸ್ಬೇಕು," ಅಂದರು. ಸಮಾಧಾನ ಹೇಳಲಿಲ್ಲ. ಅದಕ್ಕೆ ನಾನು ಋಣಿ.

ಕೀಲಿ ಇಸಿದುಕೊಂಡು, ಚೀಲವನ್ನು ಮೇಜಿನ ಮೇಲೆ ಸುರಿದು ಎಣಿಸಿಕೊಂಡರು. ಕರಣೆ, ಗಾರೆಯ ಡಬ್ಬಿ, ಪೆನ್ಸಿಲ್, ನನ್ನ ನಾಲ್ಕು ಪಟ್ಟಿ. ತಳದಲ್ಲಿ ಬಟ್ಟೆ ಸುತ್ತಿದ ಒಂದು ಕಟ್ಟು, ಬಿಚ್ಚಿದರೆ ಹಳೆಯ ಬಗೆಯ ತೆಳು ಗಾಜು, ನಲವತ್ತಾರು. ಮಠದ ಹಳೆಯ ದಾಸ್ತಾನಿರಬೇಕು ಅಂದುಕೊಂಡೆ. ಬಟ್ಟೆ ಮಾತ್ರ ನಮ್ಮ ಮನೆಯದು, ಹೋದ ಚಳಿಗಾಲದಲ್ಲಿ ಹರಿದ ನನ್ನ ದಿಂಬಿನ ಚೀಲ. ಆಗ ಅದರ ಬಗ್ಗೆ ಯೋಚಿಸಲಿಲ್ಲ. ನನ್ನ ಒಂದು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹಿಡಿದೆ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಪ್ಪ ಕಿಟಕಿಯ ಪಕ್ಕದಲ್ಲೇ ಇದ್ದ. ಅವನ ಮುಂದೆ ಗಾಜು ಇಟ್ಟು, ಎದುರು ಕೂತು, ನೋಡಿದ್ದನ್ನೂ ಬರೆದದ್ದನ್ನೂ ಹೇಳಿದೆ. ಅವನು ಕೊನೆಯವರೆಗೂ ಕೇಳಿದ.

"ಗೊತ್ತಿರ್ಲಿಲ್ಲ ಅಂತ ಬರೆದ್ಯಾ?" ಅಂದ. ನಲವತ್ತು ದಿನದಲ್ಲಿ ಅದೇ ಮೊದಲ ಮಾತು. ದನಿ ತುಕ್ಕು ಹಿಡಿದಿತ್ತು.

"ಹೂಂ."

"ನೀನು ಕೊಟ್ಟ ದಿನಾನೇ ಗೊತ್ತಾಯ್ತು. ದಪ್ಪ ಅಂತ."

ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ.

"ತೆಳು ಗಾಜು ತರಿಸಿಟ್ಟಿದ್ದೆ. ಪ್ರತಿ ಸೋಮವಾರ ಹೊತ್ಕೊಂಡು ಹೋಗ್ತಿದ್ದೆ, ಇವತ್ತು ಬದಲಾಯಿಸೋಣ ಅಂತ. ನೀನು ಅಷ್ಟು ರಾತ್ರಿ ಕೂತು ಉಜ್ಜಿದ್ದೆ. ಕೀಳೋಕೆ ಕೈ ಬರ್ಲಿಲ್ಲ." ಗಾಜನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಅಂಚು ಸವರಿದ, ಅವತ್ತು ಸವರಿದ ಹಾಗೇ. "ಗುನುಗು ಒಂದ್ಸಲ ಕೇಳ್ದ. ಇದೇನೋ, ಈಚೆಗೆ ಗಾಜು ಒಡೆಯೋದೇ ಇಲ್ವಲ್ಲ ಅಂತ. ನನ್ನ ಮಗಳು ಮಾಡಿದ್ದು ಕಣೋ ಅಂದೆ."

"ಅದಕ್ಕೆ?"

"ಹಾಗಾದ್ರೆ ಸರಿ ಬಿಡು ಅಂದ. ಬುತ್ತಿ ಬಿಚ್ಚಿದ."

ಅಪ್ಪ ಗಾಜಿನ ಎರಡು ತುದಿ ಹಿಡಿದು ಬಗ್ಗಿಸಿದ. ಉಗುರು ಬೆಳ್ಳಗಾಗುವಷ್ಟು ಒತ್ತಿದ. ಅದು ಒಡೆಯಲಿಲ್ಲ. ನಾನು ಅವನ ಕೈಯಿಂದ ಅದನ್ನು ಬಿಡಿಸಿಕೊಳ್ಳಲು ಹೋದೆ, ಅವನು ಬಿಡಲಿಲ್ಲ. ಇಬ್ಬರ ಕೈಗಳೂ ಅದರ ಮೇಲೆ ಹಾಗೇ ಉಳಿದವು, ಯಾರಿಗೂ ಗಾಯವಾಗಲಿಲ್ಲ.