ವರ್ಡಾಳ ಸಣ್ಣ ಕಾಡತೂಸು

"ಬೆಕ್ಕು ಹೊಡೆಯೋ ಕಾಡತೂಸು ಹಿಡ್ಕೊಂಡು ಈ ವರ್ಷಾನೂ ಬಂದ್ಯಾ, ವರ್ಡಾ? ಜಿಂಕೆ ನೋಡಿ ನಕ್ಕುಬಿಡತ್ತೆ!" ಎಂದ ಮೈದುನ ಲೈಲ್, ನಸುಕಿನ ತಿಂಡಿಗೆ ಬಾಣಲೆಯಿಂದ ಹಂದಿಮಾಂಸದ ಸ್ಕ್ರ್ಯಾಪಲ್ ತುಂಡೊಂದನ್ನು ಎತ್ತಿಕೊಳ್ಳುತ್ತ.

"ನಗಲಿ ಬಿಡೋ. ನಿಂತು ನಗೋ ಜಿಂಕೆಗೆ ಗುರಿ ಇಡೋದು ಸುಲಭ," ಎಂದಳು ವರ್ಡಾ.

ಪಾಟರ್ ಕೌಂಟಿಯ ಈ ಬೇಟೆಮನೆಗೆ ಮೂವತ್ತೆರಡು ವರ್ಷದಿಂದ ಬರುತ್ತಿದ್ದಳು. ಕೈಯಲ್ಲಿ ಯಾವಾಗಲೂ ಅಮ್ಮನ ರೈಫಲ್ಲು, ಅದರೊಳಗೆ ಟೂ ಫಿಫ್ಟಿಸೆವೆನ್ ರಾಬರ್ಟ್ಸ್ ಎಂಬ ಹಳೇ ಕಾಲದ ಕಾಡತೂಸು. ಆ ಹೆಸರು ಹೇಳಿದರೆ ಅಂಗಡಿಯವರು ಈಗ ಮುಖ ಮುಖ ನೋಡಿಕೊಳ್ಳುತ್ತಾರೆ. ಸಣ್ಣ ಗುಂಡು, ಮೆತ್ತಗಿನ ಒದೆತ. ಅದು ಮಾಡಿದ ಪಾಪ ಇಷ್ಟೇ. ಭುಜ ನೋಯಿಸದ ಕೋವಿ ಜಿಂಕೆಯನ್ನು ಹೇಗೆ ಕೊಂದೀತು ಎಂಬುದು ಇಲ್ಲಿನ ಗಂಡಸರ ತರ್ಕ. ತರ್ಕವಂತೆ!

ಕಳೆದ ವರ್ಷ ಅವಳ ಗುಂಡೊಂದು ತಪ್ಪಿತ್ತು. ಗುರಿ ತಪ್ಪಿದವರ ಅಂಗಿಯ ಹಿಂದಿನ ತುದಿ ಕತ್ತರಿಸಿ, ಹೆಸರು ಬರೆದು, ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆಯುವುದು ಈ ಮನೆಯ ಪದ್ಧತಿ. ಅವಳು ತಾನಾಗಿಯೇ ಬೆನ್ನು ತಿರುಗಿಸಿ ನಿಂತು ಕತ್ತರಿಸಿಕೊಂಡಳು. ಲೈಲ್ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ದೋಷ ಕಾಡತೂಸಿನದೇ, ಇನ್ನು ಮುಂದೆ ದೊಡ್ಡ ಕಾಡತೂಸಿನವರಿಗೆ ಮಾತ್ರ ಇಲ್ಲಿ ಜಾಗ ಎಂದು ವರ್ಷವಿಡೀ ಎಲ್ಲರ ತಲೆ ತಿಂದ. ಇವತ್ತು ಸಂಜೆ ಊಟಕ್ಕೆ ಮುಂಚೆ ಕೈ ಎತ್ತಿಸಿ ತೀರ್ಮಾನ. ಸೋತರೆ ಅಮ್ಮನ ರೈಫಲ್ಲು ಶಾಶ್ವತವಾಗಿ ಬೀರು ಸೇರಬೇಕು.

ಬೆಳಗಾಗುವಾಗ ವರ್ಡಾ ಹಳ್ಳದ ಪಕ್ಕದ ಹೆಮ್ಲಾಕ್ ಮರದ ಬುಡದಲ್ಲಿ ಕೂತಿದ್ದಳು. ಒಂಬತ್ತರ ಹೊತ್ತಿಗೆ ಮೇಲಿನ ದಿಣ್ಣೆಯಲ್ಲಿ ಲೈಲ್‌ನ ದೊಡ್ಡ ಕಾಡತೂಸಿನ ಮ್ಯಾಗ್ನಮ್ ರೈಫಲ್ಲು ಗುಡುಗಿತು. ಕಣ್ಣು ಮುಚ್ಚಿಕೊಂಡೇ ಹೊಡೆದಿರುತ್ತಾನೆ ಎಂದುಕೊಂಡಳು. ಅದರ ಒದೆತಕ್ಕೆ ಹೆದರಿ ಅವನು ಹಾಗೆ ಮಾಡುವುದನ್ನು ಹೋದ ಭಾನುವಾರ ಗುರಿ ಅಭ್ಯಾಸದಲ್ಲಿ ಕಣ್ಣಾರೆ ಕಂಡಿದ್ದಳು. ಅಷ್ಟರಲ್ಲಿ ಎಂಟು ಕವಲಿನ ಕೊಂಬಿನ ಗಂಡುಜಿಂಕೆಯೊಂದು ಇಳಿಜಾರಿನಲ್ಲಿ ನೆಗೆಯುತ್ತ ಬಂದು ಎಂಬತ್ತು ಹೆಜ್ಜೆ ದೂರದಲ್ಲಿ ನಿಂತಿತು. ವರ್ಡಾ ಉಸಿರು ಹಿಡಿದು ಒಂದೇ ಒಂದು ಗುಂಡು ಹಾರಿಸಿದಳು. ಜಿಂಕೆ ನಲವತ್ತು ಹೆಜ್ಜೆ ಓಡಿ ಬಿತ್ತು.

ಲೈಲ್ ಏದುಸಿರು ಬಿಡುತ್ತ ಬಂದ. "ಅದು ನಂದು! ಮೇಲೇ ಹೊಡ್ದಾಗಿತ್ತು. ಸಾಯ್ತಾ ಓಡ್ಬಂತು, ನೀನು ಸುಮ್ನೆ ಪಟಾಕಿ ಹಚ್ಚಿದೆ."

"ಇರೋದು ಒಂದೇ ತೂತಲ್ವೇನೋ?"

"ಹೌದು, ಅದು ನಂದೇ."

ವರ್ಡಾ ಹೆಮ್ಲಾಕ್ ಮರದ ಬುಡಕ್ಕೆ ವಾಪಸು ಹೋದಳು. ತಾನು ಹೊಡೆದಾಗ ಹಿಮದಲ್ಲಿ ಬಿದ್ದಿದ್ದ ಖಾಲಿ ಕಾಡತೂಸು ಹುಡುಕಿ ಜೇಬಿಗೆ ಹಾಕಿಕೊಂಡಳು.

ಬೇಟೆಮನೆಯಲ್ಲಿ ಜಿಂಕೆಯ ಚರ್ಮ ಸುಲಿದವರು ಅವಳ ಸೋದರಮಾವ, ಎಲ್ಲರಿಗಿಂತ ಹಿರಿಯರಾದ ಓರ್ವಿಲ್. ಗುಂಡು ಆಚೆ ದಾಟಿರಲಿಲ್ಲ. ಮತ್ತೊಂದು ಪಕ್ಕೆಯ ಚರ್ಮದಡಿ ಗಂಟಿನಂತೆ ಸಿಕ್ಕಿತು. ಮೂತಿ ಅರಳಿ ಅಗಲವಾಗಿತ್ತು, ಬುಡ ಮಾತ್ರ ಇದ್ದಂತೆಯೇ ಇತ್ತು.

"ಮಾವ, ಅದರ ಬುಡಾನ ಇದರ ಬಾಯಿಗೆ ಇಟ್ಟು ನೋಡಿ," ಎಂದು ವರ್ಡಾ ಖಾಲಿ ಕಾಡತೂಸು ಚಾಚಿದಳು. "ಅವನ ಗುಂಡಾದ್ರೆ ದಪ್ಪ, ಇದ್ರೊಳಗೆ ಹೋಗೋದೇ ಇಲ್ಲ."

ಓರ್ವಿಲ್ ಇಟ್ಟು ಒತ್ತಿದರು. ಸಲೀಸಾಗಿ ಒಳಗೆ ಹೋಯಿತು. ಅವರು ಕತ್ತರಿ ತೆಗೆದುಕೊಂಡು ಲೈಲ್‌ನ ಕಡೆ ನಡೆದರು.

"ಹೊಸ ಅಂಗಿ ಮಾವ!" ಎಂದ ಲೈಲ್.

"ಪದ್ಧತಿ ಹಳೇದು ಕಣೋ. ತಿರುಗು."

ಲೈಲ್‌ನ ಅಂಗಿಯ ತುಂಡಿಗೆ ಮೊಳೆ ಹೊಡೆದ ಮೇಲೆ ಅವರು ವರ್ಡಾಳ ಹಳೆಯ ತುಂಡಿಗೆ ಕೈ ಹಾಕಿದರು. "ಇದನ್ನ ಕಿತ್ತುಬಿಡ್ಲೇನಮ್ಮ?"

"ಮುಟ್ಟಬೇಡಿ. ಹೋದ ವರ್ಷ ತಪ್ಪಿದ್ದು ನಾನು, ಕಾಡತೂಸಲ್ಲ. ಅಲ್ಲೇ ಇರ್ಲಿ." ಅವಳು ಮೇಜಿನ ಸುತ್ತ ಕೂತಿದ್ದವರತ್ತ ತಿರುಗಿದಳು. "ಊಟಕ್ಕೆ ಮುಂಚೆ ಕೈ ಎತ್ತೋದಿತ್ತಲ್ಲ? ಈ ರೈಫಲ್ ಬೇಡ ಅನ್ನೋರು ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ. ಲೈಲ್‌ನ ಎರಡೂ ಕೈ ಬೆನ್ನ ಹಿಂದೆ, ಅಂಗಿ ಕತ್ತರಿಸಿದ ಜಾಗ ಮುಚ್ಚಿಕೊಂಡಿದ್ದವು.